ಪಕ್ಕದ ಸೀಟಿನವರು ಕಡಿಮೆ ಕೊಟ್ಟಿದ್ದು ಹೇಗೆ? ವಿದೇಶ ವಿಮಾನದ ಟಿಕೆಟ್ ಮತ್ತು ಪಾಯಿಂಟ್ ಬಗ್ಗೆ ಓದುಗರ ಪ್ರಶ್ನೆಗಳು

ವಿದೇಶಕ್ಕೆ ಹೋಗುವ ವಿಮಾನದ ಟಿಕೆಟ್ ಬಗ್ಗೆ, ವಿಮಾನ ಸಂಸ್ಥೆಗಳು ತಮ್ಮ ಸದಸ್ಯರಿಗೆ ಕೊಡುವ, ಕೂಡಿಸಿದರೆ ಟಿಕೆಟ್ ಸಿಗುವ ಪಾಯಿಂಟ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೇ ತಡ, ಪತ್ರಗಳ ರಾಶಿಯೇ ಬಂತು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಉದ್ದ ಇದ್ದವನ್ನು ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇನೆ. ಹೆಚ್ಚಿನ ಪತ್ರಗಳಲ್ಲಿ ಒಂದೇ ಬೇಸರ ಕಂಡಿತು. ಪಕ್ಕದ ಸೀಟಿನವರು ನಮಗಿಂತ ಕಡಿಮೆ ಕೊಟ್ಟು ಕೂತಿದ್ದಾರೆ, ನಮಗೆ ಮಾತ್ರ ಯಾರೂ ಹೇಳಲಿಲ್ಲ ಅನ್ನುವ ಬೇಸರ. ಅದು ನನಗೂ ಆಗಿದೆ, ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ: ಒಂದೇ ಟಿಕೆಟ್‌ಗೆ ಬೆಳಿಗ್ಗೆ ಒಂದು ದರ, ಮಧ್ಯಾಹ್ನ ಇನ್ನೊಂದು ದರ. ನಾವು ಪದೇ ಪದೇ ಹುಡುಕುವುದನ್ನು ನೋಡಿಕೊಂಡು ಏರಿಸುತ್ತಾರೆ ಅಂತ ಸ್ನೇಹಿತರು ಹೇಳುತ್ತಾರೆ. ಬ್ರೌಸರ್‌ನಲ್ಲಿ ಹಿಂದೆ ಹುಡುಕಿದ್ದನ್ನು ನೆನಪಿಟ್ಟುಕೊಳ್ಳದ ಇನ್‌ಕಾಗ್ನಿಟೋ ತೆರೆದು ಹುಡುಕಿದರೆ ಕಡಿಮೆ ಆಗುತ್ತದಾ?

ಉತ್ತರ: ಹಾಗೆ ಹುಡುಕುವುದರಿಂದ ನಷ್ಟವೇನೂ ಇಲ್ಲ, ಆದರೆ ದರ ಕುಣಿಯುವುದಕ್ಕೆ ಮುಖ್ಯ ಕಾರಣ ಬೇರೆ ಇದೆ. ನಾವು ಎಕಾನಮಿ ಅಂತ ಒಂದೇ ಹೆಸರಲ್ಲಿ ಕರೆಯುವ ಕ್ಯಾಬಿನ್‌ನ ಸೀಟುಗಳನ್ನು ವಿಮಾನ ಸಂಸ್ಥೆ ಹಲವಾರು ದರದ ಮೆಟ್ಟಿಲುಗಳಾಗಿ ಹಂಚಿಟ್ಟಿರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಅಕ್ಷರ ಇರುತ್ತದೆ, ವೈ, ಬಿ, ಎಂ, ಕ್ಯೂ ಹೀಗೆ. ಇದನ್ನೇ ಫೇರ್ ಕ್ಲಾಸ್ ಅನ್ನುತ್ತಾರೆ. ಕೆಳಗಿನ ಮೆಟ್ಟಿಲಿನ ಸೀಟುಗಳು ಮುಗಿದ ಹಾಗೆ ಮೇಲಿನದು ತೋರಿಸುತ್ತದೆ. ಯಾರೋ ಬುಕ್ ಮಾಡಿ ಹಣ ಕಟ್ಟದೆ ಬಿಟ್ಟರೆ ಆ ಸೀಟು ಮತ್ತೆ ಕೆಳಗೆ ಬಂದು ಸೇರುತ್ತದೆ, ಸಂಜೆಗೆ ದರ ಇಳಿದಂತೆ ಕಾಣುತ್ತದೆ. ಇದರ ಮೇಲೆ, ವಿಮಾನ ತುಂಬುತ್ತಿರುವ ವೇಗ ನೋಡಿಕೊಂಡು ಯಾವ ಮೆಟ್ಟಿಲಿಗೆ ಎಷ್ಟು ಸೀಟು ಅನ್ನುವುದನ್ನೂ ಸಂಸ್ಥೆಯವರು ಬದಲಾಯಿಸುತ್ತಲೇ ಇರುತ್ತಾರೆ.

ಇದು ಗೊತ್ತಿದ್ದರೆ ಒಂದು ಲಾಭ ನೇರವಾಗಿ ನಿಮ್ಮ ಕೈಗೆ ಸಿಗುತ್ತದೆ, ಮತ್ತು ಇದನ್ನು ಮನೆಮಂದಿಯೆಲ್ಲ ಹೊರಡುವವರು ದಯವಿಟ್ಟು ಗಮನಿಸಿ. ನಾಲ್ಕು ಜನಕ್ಕೆ ಅಂತ ಒಟ್ಟಿಗೆ ಹುಡುಕುತ್ತೀರಿ, ಅಲ್ವಾ? ಕೆಳಗಿನ ಮೆಟ್ಟಿಲಲ್ಲಿ ಎರಡೇ ಸೀಟು ಉಳಿದಿದ್ದರೆ ಎಷ್ಟೋ ತಾಣಗಳು ಎರಡನ್ನು ಅಗ್ಗದಲ್ಲಿ ಕೊಟ್ಟು ಇನ್ನೆರಡಕ್ಕೆ ಜಾಸ್ತಿ ಹಾಕುವುದಿಲ್ಲ. ನಾಲ್ಕೂ ಸಿಗುವ ಮೆಟ್ಟಿಲಿಗೆ ಹೋಗಿ, ನಾಲ್ಕಕ್ಕೂ ಅದೇ ಮೇಲಿನ ದರ ತೋರಿಸುತ್ತವೆ. ಹಾಗಾಗಿ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ವರಿಗೆ. ತಲೆಗೆ ಬೀಳುವ ದರ ಒಮ್ಮೆಲೇ ಏರಿದರೆ ಎರಡೆರಡಾಗಿ ಬುಕ್ ಮಾಡುವುದು ಅಗ್ಗ. ಆದರೆ ಹಾಗೆ ಮಾಡಿದ ಮೇಲೆ ವಿಮಾನ ಸಂಸ್ಥೆಗೆ ಫೋನ್ ಮಾಡಿ ಎರಡು ಬುಕಿಂಗ್‌ಗಳನ್ನೂ ಒಂದಕ್ಕೊಂದು ಜೋಡಿಸಿ ಟಿಪ್ಪಣಿ ಹಾಕಿಸಿ. ವಿಮಾನ ರದ್ದಾದರೆ ಅರ್ಧ ಮನೆಯವರು ಒಂದು ವಿಮಾನದಲ್ಲಿ, ಇನ್ನರ್ಧ ಬೇರೆ ವಿಮಾನದಲ್ಲಿ ಹೋಗುವ ಪರಿಸ್ಥಿತಿ ಬರಬಾರದು. ಚಿಕ್ಕ ಮಕ್ಕಳ ಟಿಕೆಟ್ ಮಾತ್ರ ದೊಡ್ಡವರೊಬ್ಬರ ಬುಕಿಂಗ್‌ನಲ್ಲೇ ಇರಲಿ.

ಪ್ರಶ್ನೆ: ಎಷ್ಟು ದಿನ ಮುಂಚೆ ಬುಕ್ ಮಾಡಬೇಕು? ಮಂಗಳವಾರ ರಾತ್ರಿ ಬುಕ್ ಮಾಡಿದರೆ ಅಗ್ಗ ಅನ್ನುವುದು ನಿಜವಾ?

ಉತ್ತರ: ಬುಕ್ ಮಾಡುವುದು ವಾರದ ಯಾವ ದಿನ ಅನ್ನುವುದನ್ನು ಮರೆತುಬಿಡಿ, ಹೊರಡುವುದು ವಾರದ ಯಾವ ದಿನ ಅನ್ನುವುದನ್ನು ನೋಡಿ. ವಾರದ ನಡುವೆ ಹೊರಡುವ ವಿಮಾನ ಶುಕ್ರವಾರ, ಭಾನುವಾರದ ವಿಮಾನಕ್ಕಿಂತ ಬಹಳ ಸಲ ಅಗ್ಗ ಇರುತ್ತದೆ. ಎಷ್ಟು ದಿನ ಮುಂಚೆ ಅಂದರೆ, ದೂರದ ಪ್ರಯಾಣಕ್ಕೆ ಎರಡರಿಂದ ಆರು ತಿಂಗಳು ಮುಂಚೆ ನೋಡಲು ಶುರು ಮಾಡಿ, ಶಾಲೆಗಳ ರಜೆ ಅಥವಾ ವರ್ಷದ ಕೊನೆಯಾದರೆ ಇನ್ನೂ ಮುಂಚೆ. ನಾನು 'ನೋಡಲು' ಅಂತಲೇ ಬರೆದಿದ್ದೇನೆ. ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್, ಕಯಾಕ್ ಈ ಮೂರರಲ್ಲೂ ನಿಮ್ಮ ಮಾರ್ಗದ ದರ ಬದಲಾದಾಗ ಇಮೇಲ್ ಬರುವ ಹಾಗೆ ಇಟ್ಟುಕೊಳ್ಳಬಹುದು. ಎರಡು ಮೂರು ವಾರ ನೋಡಿದರೆ ಆ ಮಾರ್ಗಕ್ಕೆ ಯಾವುದು ಮಾಮೂಲಿ ದರ, ಯಾವುದು ನಿಜವಾಗಿ ಕಡಿಮೆ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಆ ತಿಳಿವಳಿಕೆ ಇಲ್ಲದೆ ಯಾರ ಸಲಹೆ ಕೇಳಿಯೂ ಪ್ರಯೋಜನ ಇಲ್ಲ.

ದಿನಾಂಕ ಎರಡು ದಿನ ಆಚೀಚೆ ಮಾಡಲು ಆಗುತ್ತದಾ, ಪಕ್ಕದ ಊರಿನ ವಿಮಾನ ನಿಲ್ದಾಣಕ್ಕೆ ಹೋಗಲು ಆಗುತ್ತದಾ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ನನ್ನ ಅನುಭವದಲ್ಲಿ ಬೇರೆಲ್ಲ ಉಪಾಯಗಳಿಗಿಂತ ಜಾಸ್ತಿ ಉಳಿತಾಯ ಆಗುವುದು ಇಲ್ಲೇ. ಒಂದು ಊರಿಗೆ ಹೋಗಿ ಬೇರೊಂದು ಊರಿಂದ ವಾಪಸ್ ಬರುವುದಾದರೆ ಎರಡು ಒನ್‌ವೇ ಟಿಕೆಟ್ ತೆಗೆದುಕೊಳ್ಳುವ ಮುಂಚೆ 'ಮಲ್ಟಿ ಸಿಟಿ' ಅಂತ ಇರುವ ಕಡೆ ಹಾಕಿ ನೋಡಿ. ಇದಕ್ಕೆ ಓಪನ್ ಜಾ ಅನ್ನುತ್ತಾರೆ. ಎರಡು ಒನ್‌ವೇ ಸೇರಿಸಿದ್ದಕ್ಕಿಂತ ಇದು ಎಷ್ಟೋ ಸಲ ಕಡಿಮೆಗೆ ಬರುತ್ತದೆ.

ಇನ್ನೊಂದು ವಿಷಯ. ಹುಡುಕುವ ತಾಣದಲ್ಲಿ ವಿಮಾನ ಸಿಕ್ಕಿದ ಮೇಲೆ ಅದೇ ಟಿಕೆಟ್ ವಿಮಾನ ಸಂಸ್ಥೆಯ ಸ್ವಂತ ತಾಣದಲ್ಲಿ ಎಷ್ಟಿದೆ ನೋಡಿ. ವ್ಯತ್ಯಾಸ ಚಿಕ್ಕದಿದ್ದರೆ ನೇರವಾಗಿ ಅವರಿಂದಲೇ ತೆಗೆದುಕೊಳ್ಳಿ. ಎಲ್ಲ ಸರಿ ಇದ್ದಾಗ ನಡುವೆ ಟಿಕೆಟ್ ಮಾರುವ ಏಜೆನ್ಸಿ, ನೇರ ಎರಡೂ ಒಂದೇ. ವಿಮಾನ ರದ್ದಾದ ದಿನ ಮಾತ್ರ ಸಂಸ್ಥೆಯವರು ಏಜೆನ್ಸಿಯನ್ನು ಕೇಳಿ ಅನ್ನುತ್ತಾರೆ, ಏಜೆನ್ಸಿಯವರು ಸಂಸ್ಥೆಯನ್ನು ಕೇಳಿ ಅನ್ನುತ್ತಾರೆ, ನೀವು ನಡುವೆ ನಿಂತಿರುತ್ತೀರಿ. ಅಮೆರಿಕಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ವಿಮಾನವಾದರೆ ನೇರ ಬುಕಿಂಗ್‌ಗೆ ಇನ್ನೊಂದು ಅನುಕೂಲ ಇದೆ. ಹೊರಡಲು 7 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ತೆಗೆದುಕೊಂಡ ಟಿಕೆಟ್ ಅನ್ನು 24 ಗಂಟೆಯೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಕೊಡಬೇಕು, ಇಲ್ಲವೇ ಹಣ ಕಟ್ಟಿಸಿಕೊಳ್ಳದೆ 24 ಗಂಟೆ ಅದೇ ದರದಲ್ಲಿ ಹಿಡಿದಿಡಬೇಕು ಅನ್ನುವುದು ಅಲ್ಲಿನ ಸಾರಿಗೆ ಇಲಾಖೆಯ ನಿಯಮ. ಒಳ್ಳೆಯ ದರ ಕಂಡಾಗ ತೆಗೆದುಕೊಂಡು, ಆಮೇಲೆ ಒಂದು ದಿನ ನಿಧಾನವಾಗಿ ಯೋಚಿಸುವುದಕ್ಕೆ ಇದು ಸಾಕು.

ಪ್ರಶ್ನೆ: ಒಂದೇ ಟಿಕೆಟ್ ತೆಗೆದುಕೊಂಡರೆ ದುಬಾರಿ. ನಡುವಿನ ಒಂದು ಊರಿನವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಕಡಿಮೆ ದರದ ಸಂಸ್ಥೆಯದು ಇನ್ನೊಂದು ಟಿಕೆಟ್ ತೆಗೆದುಕೊಂಡರೆ ಮೂರನೇ ಒಂದು ಭಾಗ ಉಳಿಯುತ್ತದೆ. ತೆಗೆದುಕೊಳ್ಳಲಾ?

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆಯುವಾಗ ನನಗೆ ಹಳೆಯದೊಂದು ರಾತ್ರಿ ನೆನಪಾಗುತ್ತದೆ. ಇದೇ ಲೆಕ್ಕ ಹಾಕಿ ನಾನೂ ಎರಡು ಬೇರೆ ಟಿಕೆಟ್ ತೆಗೆದುಕೊಂಡಿದ್ದೆ. ನಡುವೆ ಎರಡೂವರೆ ಗಂಟೆ ಇತ್ತು, ಧಾರಾಳವಾಯಿತು ಅಂದುಕೊಂಡಿದ್ದೆ. ಮೊದಲ ವಿಮಾನ ಒಂದೂವರೆ ಗಂಟೆ ತಡವಾಯಿತು. ಇಳಿದು, ವಲಸೆ ಕೌಂಟರ್ ದಾಟಿ, ಬ್ಯಾಗ್ ಬರುವವರೆಗೆ ಕಾದು, ಇನ್ನೊಂದು ಟರ್ಮಿನಲ್‌ಗೆ ಓಡಿದಾಗ ಚೆಕ್‌ಇನ್ ಮುಚ್ಚಿ ಇಪ್ಪತ್ತು ನಿಮಿಷ ಆಗಿತ್ತು. ಮೊದಲ ಸಂಸ್ಥೆಯ ಮಟ್ಟಿಗೆ ಅವರು ನನ್ನನ್ನು ತಲುಪಿಸಬೇಕಾದ ಊರಿಗೆ ತಲುಪಿಸಿದ್ದರು. ಎರಡನೆಯವರ ಮಟ್ಟಿಗೆ ನಾನು ಬರಲೇ ಇಲ್ಲ. ಯಾರದೂ ತಪ್ಪಲ್ಲ, ಹಣ ಮಾತ್ರ ನನ್ನದು ಹೋಯಿತು. ಆ ರಾತ್ರಿ ಕೌಂಟರ್‌ನಲ್ಲಿ ಕೊಂಡ ಹೊಸ ಟಿಕೆಟ್‌ಗೆ ನಾನು ಉಳಿಸಿದ್ದರ ಮೂರರಷ್ಟು ಕೊಟ್ಟೆ.

ಎಲ್ಲ ಹಂತಗಳೂ ಒಂದೇ ಟಿಕೆಟ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಆದರೆ ಆ ಹೊಣೆ ನಿಮ್ಮದು. ಹುಡುಕುವ ತಾಣಗಳಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಅಂತ ಸಣ್ಣಕ್ಷರದಲ್ಲಿ ಬರೆದಿದ್ದರೆ ಅದರ ಅರ್ಥ ಇದೇ. ಇನ್ನೂ ಒಂದು ತೊಡಕು ವೀಸಾದ್ದು. ಬ್ಯಾಗ್ ತೆಗೆದುಕೊಂಡು ಮತ್ತೆ ಕೊಡಬೇಕಾದರೆ ನೀವು ಆ ದೇಶದೊಳಕ್ಕೆ ಕಾಲಿಡಬೇಕು, ಅದಕ್ಕೆ ವೀಸಾ ಬೇಕಾಗಬಹುದು. ನಡುವಿನ ದೇಶದ ವೀಸಾ ಇಲ್ಲ ಅಂತ ಹೊರಡುವ ನಿಲ್ದಾಣದಲ್ಲೇ ತಡೆದುಬಿಡುತ್ತಾರೆ.

ಹಾಗಂತ ತೆಗೆದುಕೊಳ್ಳಲೇಬೇಡಿ ಅನ್ನುವುದಿಲ್ಲ. ನಡುವಿನ ಊರಿನಲ್ಲಿ ಒಂದು ರಾತ್ರಿ ಉಳಿಯುವ ಹಾಗೆ ಇಟ್ಟುಕೊಳ್ಳಿ, ಕೈಚೀಲದಲ್ಲೇ ಪ್ರಯಾಣ ಮಾಡಿ, ವೀಸಾ ನೋಡಿಕೊಳ್ಳಿ. ಎರಡನೇ ಟಿಕೆಟ್‌ನಲ್ಲಿ ಬ್ಯಾಗ್‌ಗೆ ಎಷ್ಟು, ಸೀಟಿಗೆ ಎಷ್ಟು ಅಂತ ಸೇರಿಸಿ ಮತ್ತೊಮ್ಮೆ ಕೂಡಿಸಿ. ಇಷ್ಟೆಲ್ಲ ಆದಮೇಲೂ ಮೂರನೇ ಒಂದು ಭಾಗ ಉಳಿಯುತ್ತಿದ್ದರೆ ಖಂಡಿತ ತೆಗೆದುಕೊಳ್ಳಿ.

ಪ್ರಶ್ನೆ: ನಾನು ಇಳಿಯಬೇಕಾದ ಊರಿನ ಟಿಕೆಟ್‌ಗಿಂತ, ಆ ಊರಿನ ಮೇಲೆ ಇನ್ನೂ ಮುಂದಕ್ಕೆ ಹೋಗುವ ಟಿಕೆಟ್ ಅಗ್ಗ. ನಡುವೆ ಇಳಿದುಬಿಟ್ಟರೆ ಆಗುವುದಿಲ್ಲವಾ?

ಉತ್ತರ: ಇದಕ್ಕೆ ಹಿಡನ್ ಸಿಟಿ ಅಂತ ಹೆಸರು. ಇಂಥ ಟಿಕೆಟ್ ಹುಡುಕಿಕೊಡುವ ಸ್ಕಿಪ್‌ಲ್ಯಾಗ್ಡ್ ಅನ್ನುವ ತಾಣವೇ ಇದೆ. 2014ರಲ್ಲಿ ಅಮೆರಿಕದ ಯುನೈಟೆಡ್ ವಿಮಾನ ಸಂಸ್ಥೆ ಅದರ ಮೇಲೆ ಹೂಡಿದ ಮೊಕದ್ದಮೆ ನಿಲ್ಲಲಿಲ್ಲ, ಆದರೆ ಅಮೆರಿಕನ್ ಏರ್‌ಲೈನ್ಸ್ ಹೂಡಿದ ಮೊಕದ್ದಮೆಯಲ್ಲಿ 2024ರಲ್ಲಿ ಜ್ಯೂರಿ ಆ ವಿಮಾನ ಸಂಸ್ಥೆಯ ಪರ 94 ಲಕ್ಷ ಡಾಲರ್ ತೀರ್ಪು ಕೊಟ್ಟಿತು. ಪ್ರಯಾಣಿಕರ ಮಟ್ಟಿಗೆ ಇದು ಸಾಮಾನ್ಯವಾಗಿ ಟಿಕೆಟ್‌ನ ಷರತ್ತು ಮುರಿದಂತೆ. ಕೊಟ್ಟ ಬ್ಯಾಗ್ ಕೊನೆಯ ಊರಿಗೇ ಹೋಗುತ್ತದೆ. ಒಂದು ಹಂತ ಬಿಟ್ಟರೆ ಉಳಿದ ಹಂತಗಳೆಲ್ಲ ರದ್ದಾಗುತ್ತವೆ, ಅಂದರೆ ವಾಪಸ್ ಬರುವ ಟಿಕೆಟ್ ಹೋಯಿತು. ಪಾಯಿಂಟ್ ಸೇರುವ ನಿಮ್ಮ ಸದಸ್ಯತ್ವದ ಖಾತೆ, ಅಂದರೆ ಲಾಯಲ್ಟಿ ಖಾತೆ ಮುಚ್ಚಿ ಪಾಯಿಂಟ್ ಕಿತ್ತುಕೊಳ್ಳುವ ಹಕ್ಕನ್ನೂ ಸಂಸ್ಥೆಗಳು ಇಟ್ಟುಕೊಂಡಿರುತ್ತವೆ. ಪಾಯಿಂಟ್ ಕೂಡಿಸುವವರಿಗೆ ಇದು ಬೇಡ.

ಪ್ರಶ್ನೆ: ನನ್ನ ಹತ್ತಿರ ಐದು ಸಂಸ್ಥೆಗಳ ಸದಸ್ಯತ್ವ ಇದೆ. ಎಲ್ಲದರಲ್ಲೂ ಎರಡು ಮೂರು ಸಾವಿರ ಪಾಯಿಂಟ್, ಯಾವುದೂ ಒಂದು ಟಿಕೆಟ್‌ಗೆ ಸಾಲುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪಿದ್ದು ಒಂದೇ ಕಡೆ. ಯಾವ ವಿಮಾನ ಹತ್ತಿದಿರೋ ಅದೇ ಸಂಸ್ಥೆಯ ಸದಸ್ಯತ್ವ ತೆಗೆದುಕೊಂಡಿರಿ. ಹಾಗೆ ಮಾಡಬೇಕಾಗಿಲ್ಲ. ಈ ಒಂದು ವಿಷಯ ಎಲ್ಲರಿಗೂ ಗೊತ್ತಾಗಲಿ ಅಂತಲೇ ನಾನು ಈ ಸಲದ ಅಂಕಣ ಬರೆಯಲು ಕೂತಿದ್ದು.

ಪ್ರಪಂಚದಲ್ಲಿ ವಿಮಾನ ಸಂಸ್ಥೆಗಳ ದೊಡ್ಡ ಕೂಟಗಳು ಮೂರಿವೆ. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್‌ನಲ್ಲಿ ಲುಫ್ತಾನ್ಸ, ಯುನೈಟೆಡ್, ಏರ್ ಕೆನಡಾ, ಸಿಂಗಪುರ್ ಏರ್‌ಲೈನ್ಸ್, ಟರ್ಕಿಶ್, ಏರ್ ಇಂಡಿಯಾ ಮುಂತಾದವು ಇವೆ. 1999ರಲ್ಲಿ ಶುರುವಾದ ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಅಮೆರಿಕನ್, ಕತಾರ್, ಕ್ಯಾಥೆ ಪೆಸಿಫಿಕ್, ಜಪಾನ್ ಏರ್‌ಲೈನ್ಸ್, ಕ್ವಾಂಟಸ್. 2000ದ ಸ್ಕೈಟೀಮ್‌ನಲ್ಲಿ ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ, ಕೊರಿಯನ್ ಏರ್. ಒಂದು ಕೂಟದ ಯಾವ ವಿಮಾನ ಹತ್ತಿದರೂ ಅದೇ ಕೂಟದ ಬೇರೊಂದು ಸಂಸ್ಥೆಯ ಖಾತೆಗೆ ಪಾಯಿಂಟ್ ಹಾಕಿಸಿಕೊಳ್ಳಬಹುದು. ಲುಫ್ತಾನ್ಸದಲ್ಲಿ ಹೋಗಿ, ಟರ್ಕಿಶ್‌ನಲ್ಲಿ ಬಂದು, ಎರಡನ್ನೂ ಸಿಂಗಪುರ್ ಏರ್‌ಲೈನ್ಸ್ ಖಾತೆಗೆ ಸೇರಿಸಬಹುದು. ಎಮಿರೇಟ್ಸ್, ಎತಿಹಾದ್ ಯಾವ ಕೂಟದಲ್ಲೂ ಇಲ್ಲ, ಆದರೆ ಅವಕ್ಕೂ ಬೇರೆ ಬೇರೆ ಸಂಸ್ಥೆಗಳ ಜೊತೆ ಒಪ್ಪಂದಗಳಿವೆ.

ಹಾಗಾದರೆ ಯಾವುದನ್ನು ಆರಿಸಬೇಕು? ಮೊದಲು ಮುಂದಿನ ಎರಡು ಮೂರು ವರ್ಷದಲ್ಲಿ ನೀವು ನಿಜವಾಗಿ ಹೋಗುವ ಮಾರ್ಗ ಯಾವುದು, ಅಲ್ಲಿ ಯಾವ ಕೂಟದ ವಿಮಾನಗಳು ಜಾಸ್ತಿ ಅಂತ ನೋಡಿ. ಆಮೇಲೆ ಆ ಕೂಟದೊಳಗೆ, ನೀವು ಕೊಳ್ಳುವ ದರ್ಜೆಯ ಟಿಕೆಟ್‌ಗೆ ಯಾವ ಖಾತೆಯಲ್ಲಿ ಜಾಸ್ತಿ ಪಾಯಿಂಟ್ ಬೀಳುತ್ತದೆ ನೋಡಿ. ಒಂದೇ ಟಿಕೆಟ್‌ಗೆ ಒಂದು ಕಡೆ ಹಾರಿದ ದೂರದ ನೂರಕ್ಕೆ ನೂರು, ಇನ್ನೊಂದು ಕಡೆ ಇಪ್ಪತ್ತೈದು, ಮತ್ತೊಂದು ಕಡೆ ಸೊನ್ನೆ ಇರಬಹುದು. ವೇರ್ ಟು ಕ್ರೆಡಿಟ್ ಅನ್ನುವ ತಾಣದಲ್ಲಿ ಸಂಸ್ಥೆಯ ಹೆಸರು, ಫೇರ್ ಕ್ಲಾಸ್ ಅಕ್ಷರ ಹಾಕಿದರೆ ಈ ಪಟ್ಟಿ ಒಟ್ಟಿಗೆ ಸಿಗುತ್ತದೆ. ಕೊನೆಯದಾಗಿ, ಆ ಖಾತೆಯ ಪಾಯಿಂಟ್ ಎಷ್ಟು ದಿನ ಬಾಳುತ್ತದೆ ಅಂತ ನೋಡಿಕೊಳ್ಳಿ. ವರ್ಷಕ್ಕೊಂದು ಪ್ರಯಾಣ ಮಾಡುವವರಿಗೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಈಗಿರುವ ಐದರಲ್ಲಿ ಕೆಲವನ್ನು ಸೇರಿಸಲೂ ಆಗಬಹುದು. ಬ್ರಿಟಿಷ್ ಏರ್‌ವೇಸ್, ಐಬೇರಿಯಾ, ಏರ್ ಲಿಂಗಸ್, ಕತಾರ್, ಫಿನ್‌ಏರ್ ಇವೆಲ್ಲ ಆವಿಯೋಸ್ ಅನ್ನುವ ಒಂದೇ ಪಾಯಿಂಟ್ ಬಳಸುತ್ತವೆ, ಒಂದರ ಖಾತೆಯಿಂದ ಇನ್ನೊಂದಕ್ಕೆ ಸಾಗಿಸಬಹುದು. ನಿಮ್ಮ ಐದರಲ್ಲಿ ಎರಡು ಇವುಗಳಾಗಿದ್ದರೆ ಇವತ್ತೇ ಒಂದುಗೂಡಿಸಿ.

ಪ್ರಶ್ನೆ: ಹನ್ನೆರಡು ಗಂಟೆ ಹಾರಿ ಬಂದೆ. ಖಾತೆಯಲ್ಲಿ ನೋಡಿದರೆ ಎಣಿಸಿ ಕೆಲವು ನೂರು ಪಾಯಿಂಟ್. ಮೋಸ ಆಯಿತಾ?

ಉತ್ತರ: ಮೋಸ ಅಲ್ಲದಿರಬಹುದು, ನಿಯಮ ಬದಲಾಗಿದೆ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಅನ್ನುವ ತನ್ನ ಪಾಯಿಂಟ್ ಯೋಜನೆ ಶುರು ಮಾಡಿದಾಗ ಎಷ್ಟು ಮೈಲಿ ಹಾರಿದರೆ ಅಷ್ಟು ಮೈಲ್ಸ್ ಅನ್ನುವ ಲೆಕ್ಕ ಇತ್ತು. ಪಾಯಿಂಟ್‌ಗೆ ಮೈಲ್ಸ್ ಅನ್ನುವ ಹೆಸರೂ ಅಲ್ಲಿಂದಲೇ ಉಳಿದಿದ್ದು. ಮೂವತ್ತು ವರ್ಷಕ್ಕೂ ಜಾಸ್ತಿ ಹಾಗೇ ನಡೆಯಿತು. ಡೆಲ್ಟಾ, ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ಬ್ರಿಟಿಷ್ ಏರ್‌ವೇಸ್ 2023ರಲ್ಲಿ ದೂರದ ಲೆಕ್ಕ ಬಿಟ್ಟು, ಟಿಕೆಟ್‌ಗೆ ಎಷ್ಟು ಕೊಟ್ಟಿರೋ ಅದಕ್ಕೆ ತಕ್ಕ ಪಾಯಿಂಟ್ ಕೊಡುವ ಲೆಕ್ಕಕ್ಕೆ ಬಂದವು. ಈ ಲೆಕ್ಕದಲ್ಲಿ ಅಗ್ಗದ ಟಿಕೆಟ್‌ಗೆ ಎಷ್ಟು ದೂರ ಹೋದರೂ ಕಡಿಮೆ ಪಾಯಿಂಟ್. ಇಂಥ ಟಿಕೆಟ್‌ಗೆ ಇನ್ನೂ ದೂರದ ಲೆಕ್ಕ ಇಟ್ಟುಕೊಂಡಿರುವ ಪಾಲುದಾರ ಸಂಸ್ಥೆಯ ಖಾತೆ ಕೊಟ್ಟಿದ್ದರೆ ಜಾಸ್ತಿ ಬೀಳುತ್ತಿತ್ತೇನೋ, ಅದನ್ನು ಬುಕ್ ಮಾಡುವಾಗಲೇ ನೋಡಬೇಕು. ಎರಡು ಖಾತೆಗೂ ಹಾಕಿಸಿಕೊಳ್ಳಲು ಬರುವುದಿಲ್ಲ.

ಕೋಡ್‌ಶೇರ್ ಕೂಡ ಕಾರಣ ಇರಬಹುದು. ಟಿಕೆಟ್ ಮೇಲೆ ಒಂದು ಸಂಸ್ಥೆಯ ನಂಬರ್, ಹಾರಿಸುವುದು ಇನ್ನೊಂದು ಸಂಸ್ಥೆ. ಎರಡರಲ್ಲಿ ಯಾವುದರ ಪಟ್ಟಿ ಹಿಡಿಯುತ್ತಾರೆ ಅನ್ನುವುದು ಪ್ರತಿ ಯೋಜನೆಯಲ್ಲೂ ಬೇರೆ. ಪಾಯಿಂಟ್ ನಿಜವಾಗಿಯೇ ಬಂದಿಲ್ಲ ಅಂದರೆ 'ಮಿಸ್ಸಿಂಗ್ ಮೈಲ್ಸ್' ಅಂತ ಅರ್ಜಿ ಹಾಕಿ, ಸಾಮಾನ್ಯವಾಗಿ ಪ್ರಯಾಣ ಆಗಿ ಕೆಲವು ತಿಂಗಳವರೆಗೆ ಅವಕಾಶ ಇರುತ್ತದೆ. ಅದಕ್ಕೆ ಬೋರ್ಡಿಂಗ್ ಪಾಸ್ ಬೇಕು. ಫೋನಿನಲ್ಲಿರುವ ಪಾಸ್ ವಿಮಾನ ಇಳಿದ ಮೇಲೆ ಮಾಯವಾಗುವುದುಂಟು, ಹತ್ತುವ ಮುಂಚೆಯೇ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಟಿಕೆಟ್‌ನ ಹೆಸರು, ಖಾತೆಯ ಹೆಸರು ಮೂರೂ ಒಂದೇ ಇರಲಿ. ನಮ್ಮಲ್ಲಿ ಇನಿಶಿಯಲ್ ಬಿಡಿಸಿ ಬರೆಯುವಾಗ ಮೂರು ಕಡೆ ಮೂರು ತರಹ ಆಗಿಬಿಡುತ್ತದೆ, ಪಾಯಿಂಟ್ ಬೀಳದೆ ಇರುವುದಕ್ಕೆ ಅದೇ ಸಾಕು.

ಪ್ರಶ್ನೆ: ಪಾಯಿಂಟ್ ಕೊಟ್ಟು 'ಉಚಿತ' ಟಿಕೆಟ್ ತೆಗೆದುಕೊಳ್ಳಲು ಹೋದೆ. ತೆರಿಗೆ, ಶುಲ್ಕ ಅಂತಲೇ 410 ಡಾಲರ್ ಕೇಳುತ್ತಿದೆ. ಇದೆಂಥ ಉಚಿತ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಮೊತ್ತದಲ್ಲಿ ಎರಡು ಬಗೆ ಇರುತ್ತದೆ. ಒಂದು ಸರ್ಕಾರ ಮತ್ತು ವಿಮಾನ ನಿಲ್ದಾಣದ ತೆರಿಗೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಇನ್ನೊಂದು ವಿಮಾನ ಸಂಸ್ಥೆ ತಾನೇ ಹಾಕಿಕೊಳ್ಳುವ ಸರ್‌ಚಾರ್ಜ್. ಟಿಕೆಟ್‌ನ ವಿವರದಲ್ಲಿ ಅದು ವೈಕ್ಯೂ ಅಥವಾ ವೈಆರ್ ಅನ್ನುವ ಎರಡಕ್ಷರದಲ್ಲಿ ಕಾಣುತ್ತದೆ. ಹಿಂದೆ ಇಂಧನದ ಹೆಸರಲ್ಲಿ ಬಂದದ್ದು, ಇಂಧನ ಅಗ್ಗವಾದಾಗಲೂ ಎಷ್ಟೋ ಕಡೆ ಹೋಗಲಿಲ್ಲ. ಆದರೆ ಎಲ್ಲ ಯೋಜನೆಗಳೂ ಇದನ್ನು ಕೇಳುವುದಿಲ್ಲ. ಏರ್ ಕೆನಡಾದ ಏರೋಪ್ಲಾನ್ 2020ರಲ್ಲಿ ಹೊಸ ರೂಪ ಪಡೆದಾಗ ಪಾಯಿಂಟ್ ಟಿಕೆಟ್ ಮೇಲಿನ ಸರ್‌ಚಾರ್ಜ್ ತೆಗೆದುಹಾಕಿತು. ಯುನೈಟೆಡ್‌ನ ಮೈಲೇಜ್‌ಪ್ಲಸ್ ಕೂಡ ಕೇಳುವುದಿಲ್ಲ. ಹಾಗಾಗಿ ಅದೇ ವಿಮಾನದ ಅದೇ ಸೀಟನ್ನು ಯಾವ ಖಾತೆಯಿಂದ ತೆಗೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಕೈಯಿಂದ ಕೊಡುವ ಹಣ ಬದಲಾಗುತ್ತದೆ.

ಸರ್ಕಾರದ ತೆರಿಗೆಯಲ್ಲೂ ಹೊರಡುವ ಊರು ಮುಖ್ಯ. ಬ್ರಿಟನ್‌ನಿಂದ ಶುರುವಾಗುವ ಪ್ರಯಾಣಕ್ಕೆ 1994ರಿಂದ ಏರ್ ಪ್ಯಾಸೆಂಜರ್ ಡ್ಯೂಟಿ ಅಂತ ಇದೆ. ದೂರ ಹೆಚ್ಚಿದಂತೆ ಅದು ಏರುತ್ತದೆ, ಮೇಲಿನ ದರ್ಜೆಗೆ ಇನ್ನೂ ಏರುತ್ತದೆ. ಒಂದೇ ಟಿಕೆಟ್‌ನಲ್ಲಿ ಬೇರೆ ದೇಶದಿಂದ ಬಂದು, 24 ಗಂಟೆಯೊಳಗೆ ವಿಮಾನ ಬದಲಾಯಿಸಿ ಇನ್ನೊಂದು ದೇಶಕ್ಕೆ ಹೋಗುವವರಿಗೆ ಅದು ಬೀಳುವುದಿಲ್ಲ.

ಪಾಯಿಂಟ್ ಕೊಡಬೇಕಾ, ಹಣ ಕೊಡಬೇಕಾ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಪ್ರತಿ ಸಲ ಕಾಗದದ ಮೇಲೆ ಹಾಕಿ ನೋಡಿ. ಹಣಕ್ಕೆ ಕೊಂಡರೆ ಟಿಕೆಟ್ 620 ಡಾಲರ್ ಅಂತ ಇಟ್ಟುಕೊಳ್ಳಿ. ಪಾಯಿಂಟ್‌ನಲ್ಲಾದರೆ 30,000 ಪಾಯಿಂಟ್, ಜೊತೆಗೆ 80 ಡಾಲರ್ ತೆರಿಗೆ. 620ರಲ್ಲಿ 80 ಕಳೆದರೆ 540. ಅದನ್ನು 30,000ದಿಂದ ಭಾಗಿಸಿದರೆ ಒಂದು ಪಾಯಿಂಟ್‌ಗೆ 1.8 ಸೆಂಟ್ ಸಿಕ್ಕಿತು, ಒಳ್ಳೆಯದೇ. ನಿಮ್ಮ ಹಾಗೆ 410 ಡಾಲರ್ ತೆರಿಗೆ ಆದರೆ ಉಳಿಯುವುದು 210, ಒಂದು ಪಾಯಿಂಟ್‌ಗೆ ಬರೀ 0.7 ಸೆಂಟ್. ಅಂಥ ಕಡೆ ಪಾಯಿಂಟ್ ಸುರಿಯಬೇಡಿ, ಹಣ ಕೊಟ್ಟು ಹೋಗಿ. ಹಣ ಕೊಟ್ಟ ಟಿಕೆಟ್‌ಗೆ ಹೊಸ ಪಾಯಿಂಟ್ ಕೂಡ ಬರುತ್ತದೆ, ಪಾಯಿಂಟ್ ಟಿಕೆಟ್‌ಗೆ ಸಾಮಾನ್ಯವಾಗಿ ಬರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಪ್ರಶ್ನೆ: ಪಾಯಿಂಟ್‌ಗೋಸ್ಕರ ಕ್ರೆಡಿಟ್ ಕಾರ್ಡ್ ಮಾಡಿಸಿಕೊಳ್ಳಬಹುದಾ?

ಉತ್ತರ: ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟುವವರಾದರೆ ಮಾಡಿಸಿಕೊಳ್ಳಿ, ಪಾಯಿಂಟ್ ಬೇಗ ಕೂಡುವುದು ಅಲ್ಲಿಯೇ. ಒಂದು ತಿಂಗಳು ಬಾಕಿ ಉಳಿಸಿದರೂ ಅದರ ಬಡ್ಡಿ ನೀವು ಗಳಿಸಿದ ಪಾಯಿಂಟ್‌ನ ಬೆಲೆಯನ್ನು ನುಂಗಿಹಾಕುತ್ತದೆ. ಬಾಕಿ ಉಳಿಯುವ ಅಭ್ಯಾಸ ಇದ್ದರೆ ದಯವಿಟ್ಟು ಬೇಡ. ಇದನ್ನು ಬೇರೆ ರೀತಿಯಲ್ಲಿ ಹೇಳುವುದಕ್ಕೆ ನನಗೆ ಮನಸ್ಸಿಲ್ಲ, ಯಾಕಂದರೆ ಬಿಟ್ಟಿ ಟಿಕೆಟ್ ಆಸೆಗೆ ಸಾಲಕ್ಕೆ ಬಿದ್ದವರ ಪತ್ರಗಳೂ ಈ ರಾಶಿಯಲ್ಲಿವೆ.

ಕಾರ್ಡ್ ಆರಿಸುವಾಗ ಒಂದೇ ವಿಮಾನ ಸಂಸ್ಥೆಯ ಪಾಯಿಂಟ್ ಕೊಡುವುದಕ್ಕಿಂತ, ಹಲವು ಸಂಸ್ಥೆಗಳಿಗೆ ವರ್ಗಾಯಿಸಬಹುದಾದ ಪಾಯಿಂಟ್ ಕೊಡುವುದು ಒಳ್ಳೆಯದು. ಆದರೆ ವರ್ಗಾಯಿಸಿದ ಮೇಲೆ ಸಾಮಾನ್ಯವಾಗಿ ವಾಪಸ್ ತರಲು ಆಗುವುದಿಲ್ಲ. ಮೊದಲು ಬೇಕಾದ ದಿನದ ಪಾಯಿಂಟ್ ಸೀಟು ಇದೆಯಾ ಅಂತ ಕಣ್ಣಾರೆ ನೋಡಿ, ಆಮೇಲೆ ವರ್ಗಾಯಿಸಿ. ವಿದೇಶಿ ಹಣದಲ್ಲಿ ಟಿಕೆಟ್ ಕೊಳ್ಳುವಾಗ 'ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ, ಆ ವಿನಿಮಯ ದರ ಬಹಳ ಸಲ ದುಬಾರಿ. ಜೊತೆಗೆ ನಿಮ್ಮ ಕಾರ್ಡ್ ವಿದೇಶಿ ವಹಿವಾಟಿಗೆ ಎಷ್ಟು ಶುಲ್ಕ ಹಾಕುತ್ತದೆ ಅನ್ನುವುದನ್ನೂ ತಿಳಿದುಕೊಂಡಿರಿ.

ಪ್ರಶ್ನೆ: ಯುರೋಪಿನಿಂದ ವಾಪಸ್ ಬರುವಾಗ ವಿಮಾನ ಐದು ಗಂಟೆ ತಡವಾಯಿತು. ತಿನ್ನುವುದಕ್ಕೆ ಒಂದು ಕೂಪನ್ ಕೊಟ್ಟು ಕಳಿಸಿದರು. ಅಷ್ಟೇನಾ?

ಉತ್ತರ: ಅಷ್ಟೇ ಅಲ್ಲ, ನಿಮಗೆ ಹಣವೇ ಬರಬೇಕಾಗಿರಬಹುದು! ಯುರೋಪಿಯನ್ ಒಕ್ಕೂಟದ 261/2004 ಅನ್ನುವ ನಿಯಮ 2005ರಿಂದ ಜಾರಿಯಲ್ಲಿದೆ. ಒಕ್ಕೂಟದ ದೇಶದಿಂದ ಹೊರಡುವ ಯಾವ ಸಂಸ್ಥೆಯ ವಿಮಾನಕ್ಕಾದರೂ ಅದು ಅನ್ವಯ, ನೀವು ಯಾವ ದೇಶದವರು ಅನ್ನುವುದು ಲೆಕ್ಕಕ್ಕಿಲ್ಲ. ಹೊರಗಿನಿಂದ ಒಕ್ಕೂಟಕ್ಕೆ ಹೋಗುವಾಗ ಮಾತ್ರ ವಿಮಾನ ಅಲ್ಲಿಯ ಸಂಸ್ಥೆಯದೇ ಆಗಿರಬೇಕು. ಕೊನೆಯ ಊರು ತಲುಪುವುದು ಮೂರು ಗಂಟೆ ಅಥವಾ ಜಾಸ್ತಿ ತಡವಾದರೆ ದೂರ ನೋಡಿಕೊಂಡು 250, 400 ಅಥವಾ 600 ಯೂರೋ ಪರಿಹಾರ ಇದೆ. 3,500 ಕಿಲೋಮೀಟರ್ ಮೀರಿದ ದೂರದ ಪ್ರಯಾಣಕ್ಕೆ 600. ಹವಾಮಾನ ಕೆಟ್ಟದ್ದು, ವಾಯು ಸಂಚಾರ ನಿಯಂತ್ರಣದವರ ಮುಷ್ಕರ ಇಂಥ ಸಂಸ್ಥೆಯ ಕೈಮೀರಿದ ಕಾರಣವಾದರೆ ಪರಿಹಾರ ಇಲ್ಲ. ಮಾಮೂಲಿ ತಾಂತ್ರಿಕ ದೋಷ ಆ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಪರಿಹಾರ ಕೊಡಬೇಕು. ಸಂಸ್ಥೆಯ ತಾಣದಲ್ಲೇ ಅರ್ಜಿ ಹಾಕಿ. ಬುಕಿಂಗ್ ನಂಬರ್, ಬೋರ್ಡಿಂಗ್ ಪಾಸ್, ಇಳಿದ ಸಮಯ ಇಷ್ಟು ಸಾಕು, ಕಮಿಷನ್ ಕೇಳುವ ಮಧ್ಯವರ್ತಿ ಬೇಕಿಲ್ಲ. ಅವರು ವೋಚರ್ ಕೊಡುತ್ತೇವೆ ಅಂದರೆ ಒಪ್ಪಲೇಬೇಕು ಅಂತಿಲ್ಲ, ಹಣವೇ ಬೇಕು ಅಂತ ಬರೆಯಿರಿ.

ಪ್ರಶ್ನೆ: ದೂರದ ಪ್ರಯಾಣದಲ್ಲಿ ನಡುವೆ ಇನ್ನೊಂದು ದೇಶ ನೋಡಿಕೊಂಡು ಹೋಗಬಹುದಾ, ಜಾಸ್ತಿ ಹಣ ಕೊಡದೆ?

ಉತ್ತರ: ಖಂಡಿತ. ಐಸ್‌ಲ್ಯಾಂಡ್‌ಏರ್ ಅಟ್ಲಾಂಟಿಕ್ ದಾಟುವವರಿಗೆ ಟಿಕೆಟ್ ದರ ಏರಿಸದೆ ಏಳು ದಿನದವರೆಗೆ ಐಸ್‌ಲ್ಯಾಂಡ್‌ನಲ್ಲಿ ಇಳಿದು ಹೋಗಲು ಬಿಡುತ್ತದೆ. ಪೋರ್ಚುಗಲ್‌ನ ಟಿಎಪಿ ಲಿಸ್ಬನ್ ಅಥವಾ ಪೋರ್ಟೋದಲ್ಲಿ ಇಂಥದೇ ಅವಕಾಶ ಕೊಡುತ್ತದೆ. ಟರ್ಕಿಶ್‌ನವರು ಕೆಲವು ಮಾರ್ಗಗಳಲ್ಲಿ ಇಸ್ತಾಂಬುಲ್‌ನಲ್ಲಿ ಉಳಿಯಲು ಹೋಟೆಲ್ಲನ್ನೂ ಕೊಡುತ್ತಾರೆ. ಬುಕ್ ಮಾಡುವಾಗಲೇ ಸ್ಟಾಪ್‌ಓವರ್ ಅಂತ ಆರಿಸಬೇಕು, ಆಮೇಲೆ ಸೇರಿಸಲು ಹೋದರೆ ಶುಲ್ಕ ಬೀಳಬಹುದು. ವೀಸಾ ಮಾತು ಇಲ್ಲಿಯೂ ನೆನಪಿರಲಿ.

ಪ್ರಶ್ನೆ: 34,000 ಪಾಯಿಂಟ್ ಇದೆ. ಇನ್ನೂ ಕೂಡಿಸಿ ಮೂರು ನಾಲ್ಕು ವರ್ಷ ಬಿಟ್ಟು ಬಿಸಿನೆಸ್ ಕ್ಲಾಸ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಆಸೆ. ಕಾಯಲಾ?

ಉತ್ತರ: ಆಸೆ ದೊಡ್ಡದು, ಆದರೆ ನಾಲ್ಕು ವರ್ಷ ಕಾಯಬೇಡಿ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿಯಾದರೂ ಬರುತ್ತದೆ, ಪಾಯಿಂಟ್‌ನ ಬೆಲೆ ಇಳಿಯುತ್ತಲೇ ಹೋಗುತ್ತದೆ. ಯಾವ ಮಾರ್ಗಕ್ಕೆ ಎಷ್ಟು ಪಾಯಿಂಟ್ ಅನ್ನುವ ಪಟ್ಟಿಯನ್ನು ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ತೆಗೆದುಹಾಕಿದವು. ಈಗ ಅವರ ವಿಮಾನಗಳಿಗೆ ದಿನಕ್ಕೊಂದು ಬೆಲೆ, ಇವತ್ತಿನ 34,000ಕ್ಕೆ ಸಿಗುವುದು ಮುಂದಿನ ವರ್ಷವೂ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಅವಧಿಯದ್ದು ಇನ್ನೊಂದು ಕಥೆ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ ಗಳಿಸಿ ಮೂರು ವರ್ಷಕ್ಕೆ ಮುಗಿಯುತ್ತದೆ, ನಡುವೆ ಎಷ್ಟು ಸಲ ಹಾರಿದರೂ ಹಳೆಯದರ ಅವಧಿ ತಾನಾಗಿ ಮುಂದೆ ಹೋಗುವುದಿಲ್ಲ. ಬ್ರಿಟಿಷ್ ಏರ್‌ವೇಸ್‌ನ ಆವಿಯೋಸ್ 36 ತಿಂಗಳು ಖಾತೆಯಲ್ಲಿ ಏನೂ ನಡೆಯದಿದ್ದರೆ ಮಾತ್ರ ಹೋಗುತ್ತದೆ, ಒಂದು ಸಣ್ಣ ವ್ಯವಹಾರ ಮಾಡಿದರೂ ಉಳಿಯುತ್ತದೆ. ಡೆಲ್ಟಾ, ಯುನೈಟೆಡ್ ಮೈಲ್ಸ್‌ಗೆ ಅವಧಿ ಇಲ್ಲ.

ನಾನೂ ಒಮ್ಮೆ ಅಮ್ಮನಿಗೋಸ್ಕರ ಅಂತ ಪಾಯಿಂಟ್ ಕೂಡಿಸಿಟ್ಟಿದ್ದೆ. ಒಳ್ಳೆಯ ದಿನಕ್ಕೆ, ದೊಡ್ಡ ಪ್ರಯಾಣಕ್ಕೆ ಅಂತ ಮುಂದೂಡುತ್ತಾ ಹೋದೆ. ಅವಧಿ ಮುಗಿಯುವ ಇಮೇಲ್ ಯಾವುದೋ ಜಾಹೀರಾತುಗಳ ನಡುವೆ ಸೇರಿ ಕಣ್ಣಿಗೇ ಬೀಳಲಿಲ್ಲ. ಅಷ್ಟೂ ಹೋಯಿತು, ಅಮ್ಮನಿಗೆ ಆಮೇಲೆ ಅಷ್ಟು ದೂರ ಕೂತು ಹೋಗಲು ಆಗಲೂ ಇಲ್ಲ.

ಹಾಗಾಗಿ ಇವತ್ತೇ ಖಾತೆ ತೆರೆದು ಯಾವ ತಾರೀಖಿಗೆ ಎಷ್ಟು ಪಾಯಿಂಟ್ ಮುಗಿಯುತ್ತದೆ ನೋಡಿ. ಆ ದಿನಕ್ಕೆ ಆರು ತಿಂಗಳು ಮುಂಚೆ ಫೋನಿನಲ್ಲಿ ನೆನಪಿನ ಗಂಟೆ ಇಡಿ. ಅಪ್ಪ ಅಮ್ಮನ ಪಾಯಿಂಟ್ ಖಾತೆಗಳನ್ನು ನಿಮ್ಮದರ ಜೊತೆ ಸೇರಿಸಿ ಕುಟುಂಬದ ಖಾತೆ ಮಾಡಲು ಬರುತ್ತದಾ ಕೇಳಿ, ಎಷ್ಟೋ ಯೋಜನೆಗಳಲ್ಲಿ ಅದು ಉಚಿತ. ಪಾಯಿಂಟ್ ಸೀಟುಗಳು ಹಲವು ಸಂಸ್ಥೆಗಳಲ್ಲಿ ಸುಮಾರು ಹನ್ನೊಂದು ತಿಂಗಳು ಮುಂಚೆಯೇ ತೆರೆಯುತ್ತವೆ. ಬಿಸಿನೆಸ್ ಕ್ಲಾಸ್‌ಗೆ ಸಾಲದಿದ್ದರೆ ಎಕಾನಮಿಯಲ್ಲಿ, ನಡುವೆ ಎಲ್ಲೂ ನಿಲ್ಲದ ವಿಮಾನದಲ್ಲಿ, ಹಗಲು ಹೊರಡುವ ಹೊತ್ತು ನೋಡಿ, ಬರುವ ವರ್ಷಕ್ಕೇ ಹುಡುಕಿ. ಅಪ್ಪ ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಎಷ್ಟು ತಿಂಗಳು ಉಳಿದಿದೆ ಅನ್ನುವುದನ್ನೂ ಇವತ್ತೇ ನೋಡಿಬಿಡಿ.